ತಗಡಿನ ಇಳಿಜಾರು

ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಇಷ್ಟೇ: ‘ಬೆಳಿಗ್ಗೆ ಸೊರಬ. ಭಯ.’ ಅದರ ಕೆಳಗೆ ಅವ್ವನ ಮೊಣಕಾಲಿಗೆ ತಂದ ಎಣ್ಣೆಯ ಮಾತಿದೆ, ಉಪ್ಪಿನಕಾಯಿಗೆ ಒಳ್ಳೆಯ ಮಾವಿನ ಮಿಡಿ ಸಿಗಲಿಲ್ಲ ಎಂಬ ದೂರಿದೆ. ಬೇರೆ ದಿನಗಳಲ್ಲಿ ಪುಟ ತುಂಬಿಸುತ್ತಿದ್ದ ನಾನು ಅಂದು ಯಾಕೆ ಅಷ್ಟಕ್ಕೇ ನಿಲ್ಲಿಸಿದೆನೋ ತಿಳಿಯದು. ಉಳಿದದ್ದನ್ನು ನೆನಪಿನಿಂದಲೇ ಬರೆಯಬೇಕು, ಆದರೆ ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ. ಅಂದು ಗಾಳಿಯೇ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ರಸ್ತೆ ಪಕ್ಕದ ಬಣವೆಯಿಂದ ಹುಲ್ಲು ಹಾರುತ್ತಿದ್ದ ಚಿತ್ರವೂ ಅಷ್ಟೇ ಸ್ಪಷ್ಟವಾಗಿ ಕಣ್ಣಮುಂದಿದೆ. ಬಹುಶಃ ಆ ಹುಲ್ಲನ್ನು ಹಾರಿಸಿದ್ದು ನಮ್ಮ ಕಾರೇ ಇರಬೇಕು.

ರಾಜ್ಯ ಒಂದಾಗಿ ಎರಡು ಮೂರು ಬೇಸಿಗೆ ಕಳೆದಿದ್ದವು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಶಿಕಾರಿಪುರಕ್ಕೆ ಬಂದು ಕೂತಿದ್ದೆ. ಅಪ್ಪ ತೀರಿಕೊಂಡ ಮೇಲೆ ಬೆಲ್ಲದ ಅಂಗಡಿಯನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಿದ್ದರು. ಅಣ್ಣನಿಗೆ ಅಂಗಡಿಯ ಗಲ್ಲಾ ಎಂದರೆ ಆಗದು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಶೆಡ್ ಹಾಕಿಕೊಂಡು ಅಕ್ಕಿ ಗಿರಣಿಯ ಎಂಜಿನ್ನು, ಲಾರಿ, ಪಂಪು, ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡುತ್ತಿದ್ದ. ಆ ಶೆಡ್ಡಿನ ಮೂಲೆಯಲ್ಲಿ ಅವನದೇ ಒಂದು ಹಳೆಯ ಕಾರು ಇತ್ತು. ಅದರ ಮೇಲ್ಛಾವಣಿ, ಬಾಗಿಲು, ಹಿಂದಿನ ಸೀಟು ಎಲ್ಲವನ್ನೂ ಕಿತ್ತು ಹಾಕಿ, ಚೌಕಟ್ಟು, ಎಂಜಿನ್ನು, ಮುಂದಿನ ಗಾಜು, ಎರಡು ಸೀಟು ಮಾತ್ರ ಉಳಿಸಿಕೊಂಡಿದ್ದ. ನೋಡಿದವರು ಸುಲಿದ ಕುರಿಯ ಹಾಗಿದೆ ಎನ್ನುತ್ತಿದ್ದರು. ಮದ್ರಾಸಿನ ಹತ್ತಿರ ಹಳೆಯ ವಿಮಾನ ನಿಲ್ದಾಣವೊಂದರಲ್ಲಿ ಕಾರಿನ ರೇಸು ನಡೆಯುವುದನ್ನು ಅವನು ಒಮ್ಮೆ ಹೋಗಿ ನೋಡಿ ಬಂದಿದ್ದ. ಮುಂದಿನ ಸಲ ನೋಡುವುದಕ್ಕಲ್ಲ, ಓಡಿಸುವುದಕ್ಕೆ ಹೋಗುತ್ತೇನೆ ಎಂದು ಅಂದೇ ನಿಶ್ಚಯಿಸಿದ್ದನಂತೆ.

ಅವನು ಕಾರನ್ನು ಪಳಗಿಸುತ್ತಿದ್ದುದು ಸೊರಬದ ರಸ್ತೆಯಲ್ಲಿ. ಬಳ್ಳಿಗಾವಿಯ ಕಡೆಯ ಊರುಗಳನ್ನು ದಾಟಿ ಸ್ವಲ್ಪ ದೂರ ಹೋದರೆ ರಸ್ತೆ ನೇರವಾಗಿ ಹಾಸಿದ ಹಾಗೆ ಸಿಗುತ್ತಿತ್ತು. ಅದರ ನಡುವೆ ಗದ್ದೆಯ ನೀರು ಹೋಗುವ ಒಂದು ಮೋರಿ. ಮೋರಿಯ ಮೇಲೆ ರಸ್ತೆ ಗೂನು ಬೆನ್ನಿನಂತೆ ಎದ್ದು ಇಳಿಯುತ್ತಿತ್ತು. ಬಸ್ಸಿನಲ್ಲಿ ಹೋಗುವಾಗ ಅಲ್ಲಿ ಹೊಟ್ಟೆ ಒಮ್ಮೆ ಖಾಲಿಯಾದಂತಾಗುತ್ತಿತ್ತು, ಮಕ್ಕಳು ನಗುತ್ತಿದ್ದರು. ಅಣ್ಣ ಒಂದು ಬೆಳಿಗ್ಗೆ ಆ ಗೂನನ್ನು ಜೋರಾಗಿ ಹತ್ತಿ ಇಳಿಯುವಾಗ ಕಾರಿನ ಹಿಂಭಾಗ ನೆಲ ಬಿಟ್ಟಂತಾಗಿ, ಪಕ್ಕಕ್ಕೆ ಜಾರಿ, ಕಾರು ರಸ್ತೆಗೆ ಅಡ್ಡ ನಿಂತಿತು. ಎದುರಿಗೆ ಭತ್ತದ ಗಾಡಿ ಬರುತ್ತಿತ್ತಂತೆ. ಗಾಡಿಯವನು ಎತ್ತು ಬಿಟ್ಟು ಗದ್ದೆಗೆ ಹಾರಿದ ಎಂದು ಅಣ್ಣ ಮನೆಗೆ ಬಂದು ನಗುತ್ತಾ ಹೇಳಿದ. ಅವ್ವನೂ ನಕ್ಕಳು. ನಾನು ಅವನ ಕೈ ನೋಡುತ್ತಿದ್ದೆ. ಕಾಫಿ ಲೋಟ ಹಿಡಿದ ಕೈ ನಡುಗಿ, ಕಾಫಿಯ ಮೇಲೆ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು. ನನ್ನ ಭಯ ಶುರುವಾದದ್ದು ಆ ಲೋಟದಿಂದ.

ವೇಗ ಹೆಚ್ಚಿದಂತೆ ಕಾರಿನ ಹಿಂಭಾಗ ಹಗುರಾಗುತ್ತದೆ ಎಂಬುದು ಅವನ ಅನುಭವ. ಅದಕ್ಕೆ ಅವನು ಕಂಡುಕೊಂಡ ಪರಿಹಾರ ಒಂದು ತಗಡು. ಹಿಂದಿನ ಚಕ್ರಗಳಿಗಿಂತ ಇನ್ನೂ ಹಿಂದಕ್ಕೆ, ಚೌಕಟ್ಟಿನ ತುದಿಯಲ್ಲಿ, ಎರಡು ಕಬ್ಬಿಣದ ಕಂಬ ನಿಲ್ಲಿಸಿ ಅದರ ಮೇಲೆ ಕಾರಿನಷ್ಟೇ ಅಗಲದ ಒಂದು ತಗಡು ಕೂರಿಸಿದರೆ, ಗಾಳಿ ಅದರ ಮೇಲೆ ಕೂತು ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಮರಳಿನ ಚೀಲ ಹೇರಿದರೂ ಒತ್ತುತ್ತದೆ, ಆದರೆ ಆ ಭಾರವನ್ನು ಎಂಜಿನ್ನು ಹೊತ್ತು ತಿರುಗಬೇಕು. ಗಾಳಿಯ ಭಾರವನ್ನಾದರೆ ಹೊರುವುದು ಬೇಡ, ಬೇಕಾದಾಗ ಬಂದು ಕೂರುತ್ತದೆ, ನಿಂತಾಗ ಎದ್ದು ಹೋಗುತ್ತದೆ. ಅವನ ಈ ವಿಚಾರ ಎಲ್ಲಿಂದ ಬಂತೋ ಗೊತ್ತಿಲ್ಲ. ಇಂಥ ತಗಡುಗಳನ್ನು ರೇಸಿನ ಕಾರುಗಳಿಗೆ ಎಲ್ಲರೂ ಹಾಕಲು ತೊಡಗಿದ್ದು ಎಷ್ಟೋ ವರ್ಷಗಳ ನಂತರ ಎಂದು ಆಮೇಲೆ ಓದಿದೆ. ಆಗ ನನಗೆ ಅದು ಹುಚ್ಚಾಗಿ ಕಂಡಿತೋ, ಜಾಣತನವಾಗಿ ಕಂಡಿತೋ, ಪ್ರಾಮಾಣಿಕವಾಗಿ ಹೇಳಲಾರೆ.

ತಗಡು ಹೊಡೆದುಕೊಟ್ಟವರು ಸೊರಬದ ಒಬ್ಬ ಹಿರಿಯರು. ಆ ಕಡೆಯ ಎಷ್ಟೋ ಮನೆ, ಗಿರಣಿ, ಶಾಲೆಗಳ ಮಾಡಿನ ತಗಡು ಅವರ ಕೈಯದು. ಅವರು ಕೂರಿಸಿದ ರೀತಿ ಹೀಗಿತ್ತು: ಓಡಿಸುವವನ ಬೆನ್ನ ಕಡೆಯ ಅಂಚು ಎತ್ತರ, ಹಿಂದಿನ ಅಂಚು ತಗ್ಗು. ನಾನು ಶೆಡ್ಡಿಗೆ ಅಣ್ಣನ ಊಟ ತೆಗೆದುಕೊಂಡು ಹೋದಾಗ ಅದನ್ನು ಮೊದಲು ನೋಡಿದೆ. ಏನೋ ಚುಚ್ಚಿದಂತಾಯಿತು, ಏನೆಂದು ಹೊಳೆಯಲಿಲ್ಲ. ಇಳಿಜಾರು ಆ ಕಡೆಗೇ ಯಾಕೆ ಎಂದು ಕೇಳಿದೆ. ಅಣ್ಣ ಅದೊಂದು ಪ್ರಶ್ನೆಯೇ ಅಲ್ಲವೆಂಬಂತೆ ನನ್ನನ್ನು ನೋಡಿದ. ಮಾಡಿನ ತಗಡು ಯಾವಾಗಲೂ ಮನೆಯಿಂದ ಆಚೆಗೆ ಇಳಿಯಬೇಕು, ಹೊಸ್ತಿಲ ಕಡೆಗೆ ನೀರು ಬರಬಾರದು. ಕಾರಿನಲ್ಲಿ ಕೂತವನೇ ಮನೆ.

“ಮಳಿ ಹೆಂಗ ಬೀಳ್ತದ? ಮ್ಯಾಲಿಂದ ಬೀಳ್ತದ, ಒತ್ತತದ, ಜಾರಿ ಹೋಗ್ತದ,” ಎಂದ ಅಣ್ಣ. “ಗಾಳೀನೂ ಹಂಗ. ನನ್ನ ತಲಿ ಮ್ಯಾಲಿಂದ ಬಂದು ಇದರ ಮ್ಯಾಲೆ ಇಳೀತದ. ನಿಮ್ಮ ಮೈಸೂರಾಗ ಬ್ಯಾರೆ ಥರ ಏನು?”

ನಮ್ಮ ಸೀಮೆಯವರಿಗೆ ಬರುವುದೆಲ್ಲ ಮೇಲಿಂದಲೇ. ಮಳೆ, ಬಿಸಿಲು, ದೇವರ ಕೃಪೆ, ದೊಡ್ಡವರ ಬೈಗುಳ. ವರ್ಷದ ಅರ್ಧ ಭಾಗ ಮಳೆಗೆ ಮೈಯೊಡ್ಡುವ ಊರಿನಲ್ಲಿ ತಗಡನ್ನು ಬೇರೆ ರೀತಿ ಓರೆ ಮಾಡಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ನನಗೂ ಹೊಳೆಯಲಿಲ್ಲ. ಹೊಳೆದದ್ದು ಮರುದಿನವೋ ಅದರ ಮರುದಿನವೋ, ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಹಿತ್ತಲಲ್ಲಿ ನಿಂತಾಗ. ಖಾಲಿ ಮೊರವನ್ನು ಗಾಳಿಗೆ ಎದುರಾಗಿ, ಮುಂದಿನ ಅಂಚು ಸ್ವಲ್ಪ ಎತ್ತಿ ಹಿಡಿದಿದ್ದೆ. ಮೊರ ನನ್ನ ಕೈಯಿಂದ ಮೇಲಕ್ಕೆ ಎದ್ದಿತು. ಅಂಚನ್ನು ತಗ್ಗಿಸಿದೆ, ಕೈ ಕೆಳಕ್ಕೆ ಹೋಯಿತು. ಚಲಿಸುವ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿದ ಮಕ್ಕಳಿಗೆಲ್ಲ ಗೊತ್ತಿರುವ ಸಂಗತಿ ಇದು. ಓಡುವ ಕಾರಿಗೆ ಗಾಳಿ ಮೇಲಿಂದ ಬರುವುದಿಲ್ಲ, ಎದುರಿನಿಂದ ಬರುತ್ತದೆ. ಮುಂದಿನ ಅಂಚು ಎತ್ತಿದ್ದರೆ ತಗಡಿನ ಹೊಟ್ಟೆಗೆ ಬಡಿಯುತ್ತದೆ, ಎತ್ತುತ್ತದೆ. ಅಣ್ಣ ಕಾರನ್ನು ನೆಲಕ್ಕೆ ಒತ್ತಲು ಹಾಕಿಸಿಕೊಂಡದ್ದು ಅದನ್ನು ಎತ್ತುವ ರೆಕ್ಕೆ.

ಹೋಗಿ ಹೇಳಿದೆ. ಅವನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ನಿನ್ನ ಮೊರದ ಮುಂದೆ ಬಯಲು ಗಾಳಿ ಇತ್ತು, ನನ್ನ ತಗಡಿನ ಮುಂದೆ ಎಂಜಿನ್ನು, ಗಾಜು, ನನ್ನ ತಲೆ ಇದೆ. ಅವನ್ನೆಲ್ಲ ಹತ್ತಿ ಬಂದ ಗಾಳಿ ಹಿಂದೆ ಇಳಿಯಲೇಬೇಕಲ್ಲ, ಇಳಿಯುವ ಗಾಳಿ ಒತ್ತುವುದಿಲ್ಲವೇ ಎಂದು ಕೇಳಿದ. ಕಾಲೇಜಿನಲ್ಲಿ ಮೇಷ್ಟರು ಒಮ್ಮೆ ಬೋರ್ಡಿನ ಮೇಲೆ ವಿಮಾನದ ರೆಕ್ಕೆಯ ಚಿತ್ರ ಬರೆದು, ಅದರ ಮೇಲೂ ಕೆಳಗೂ ಗಾಳಿಯ ಗೆರೆಗಳನ್ನು ಎಳೆದು ತೋರಿಸಿದ್ದರು. ಪರೀಕ್ಷೆಗೆಂದು ಕಲಿತು ಪರೀಕ್ಷೆಯ ಮರುದಿನ ಮರೆತಿದ್ದೆ. ಅಷ್ಟಕ್ಕೂ ಆ ಚಿತ್ರದಲ್ಲಿ ರೆಕ್ಕೆಯ ಮುಂದೆ ಯಾರ ತಲೆಯೂ ಇರಲಿಲ್ಲ.

ಅಂದು ಸಂಜೆ ಅವ್ವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಗಾಡಿಯವನ ಕಥೆಗೆ ನಕ್ಕಿದ್ದವಳು ಎಲ್ಲವನ್ನೂ ತಿಳಿದುಕೊಂಡಿದ್ದಳು.

“ನೀ ಓದಿದಾಕಿ,” ಎಂದಳು. “ಅದು ಹಾರಂಗಿಲ್ಲ ಅಂತ ನೀ ಒಂದು ಮಾತು ಹೇಳು. ನಾ ಅವಂಗ ಹೋಗು ಅಂತೀನಿ. ಇಲ್ಲಂದ್ರ ಹೊಸ್ತಿಲಿಗೆ ಅಡ್ಡ ಮಲಗ್ತೀನಿ.”

ನಾಳೆ ಹೇಳುತ್ತೇನೆ ಎಂದೆ. ಅಣ್ಣನ ಜೀವ ನನ್ನ ಒಂದು ಮಾತಿಗೆ ಬಂದು ನಿಂತಿತ್ತು, ಆ ಮಾತು ನನ್ನ ಬಳಿ ಇರಲಿಲ್ಲ.

ಗಾಳಿ ಕಣ್ಣಿಗೆ ಕಾಣುವುದಿಲ್ಲ ಎಂಬುದೇ ತೊಂದರೆ. ಕಾಣುವ ಹಾಗೆ ಮಾಡಿದರೆ? ಹೂ ಕಟ್ಟುವ ಒಣ ಬಾಳೆನಾರನ್ನು ಸಣ್ಣಗೆ ಸೀಳಿ, ಗೇಣುದ್ದದ ಎಳೆಗಳನ್ನು ಮಾಡಿ, ಮೈದಾದ ಅಂಟು ಹಚ್ಚಿ ತಗಡಿನ ಮೇಲೂ ಕೆಳಗೂ ಸಾಲಾಗಿ ಅಂಟಿಸಿದೆ. ಒಂದು ತುದಿ ಅಂಟಿತ್ತು, ಇನ್ನೊಂದು ತುದಿ ಸಡಿಲ. ಗಾಳಿ ಹೋದ ಕಡೆಗೆ ನಾರು ತಿರುಗುತ್ತದೆ. ಗಾಳಿ ತಗಡಿಗೆ ಒತ್ತಿಕೊಂಡು ಹರಿದರೆ ನಾರೂ ಒತ್ತಿಕೊಳ್ಳುತ್ತದೆ, ಸುಳಿ ಎದ್ದರೆ ಕುಣಿಯುತ್ತದೆ. ಆದರೆ ಓಡುವ ಕಾರಿನ ಹಿಂದೆ ಏನಾಗುತ್ತಿದೆ ಎಂದು ಓಡಿಸುವವನು ನೋಡಲಾರ. ಬೇರೆ ಯಾರಾದರೂ ಪಕ್ಕದ ಸೀಟಿನಲ್ಲಿ ಹಿಂದು ಮುಂದಾಗಿ ಕೂತು ನೋಡಬೇಕು. ಶೆಡ್ಡಿನ ಆಳುಗಳನ್ನು ಕೂರಿಸುತ್ತೇನೆ ಎಂದ ಅಣ್ಣ. ಏನು ನೋಡಬೇಕೆಂದು ಅವರಿಗೆ ಗೊತ್ತಿಲ್ಲ ಎಂದೆ ನಾನು. ನನಗಾದರೂ ಗೊತ್ತಿತ್ತೇ?

ಮರುದಿನ ಬೆಳಿಗ್ಗೆ, ಸೊರಬಕ್ಕೆ ಹೋಗಿ ಬರುತ್ತೇವೆ ಎಂದು ಅವ್ವನಿಗೆ ಹೇಳಿದೆವು. ಸುಳ್ಳಲ್ಲ. ನಾನು ಸೀರೆಯ ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ಜಡೆಯನ್ನು ರವಿಕೆಯೊಳಗೆ ತುರುಕಿ, ಸೀಟಿನ ಮೇಲೆ ಮಂಡಿಯೂರಿ, ಹಿಂದಕ್ಕೆ ಮುಖ ಮಾಡಿ ಕೂತೆ. ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದೆ. ಅಣ್ಣ ಒಂದು ಹಗ್ಗ ತಂದು ನನ್ನ ಸೊಂಟಕ್ಕೂ ಸೀಟಿಗೂ ಕಟ್ಟಿದ. ಹಗ್ಗ ಕಟ್ಟಿದ ಮೇಲೆಯೇ ನನಗೆ ನಿಜವಾದ ಹೆದರಿಕೆ ಬಂದದ್ದು. ಅಲ್ಲಿಯವರೆಗೆ ಅದು ಒಂದು ಪ್ರಯೋಗವಾಗಿತ್ತು.

ನೇರ ರಸ್ತೆ ಸಿಕ್ಕಿತು. ಎದುರು ಯಾವ ಗಾಡಿಯೂ ಇಲ್ಲವೆಂದು ನೋಡಿಕೊಂಡು ಅಣ್ಣ ವೇಗ ಹೆಚ್ಚಿಸಿದ. ನಾನು ಹೋಗುತ್ತಿರುವ ಕಡೆ ನನಗೆ ಕಾಣುತ್ತಿರಲಿಲ್ಲ. ಕಂಡದ್ದೆಲ್ಲ ನನ್ನಿಂದ ಓಡಿಹೋಗುತ್ತಿತ್ತು: ಮರಗಳು, ಗದ್ದೆಯ ಬದು, ಕೆಂಪು ಧೂಳು. ಮೋರಿ ಎಷ್ಟು ಹತ್ತಿರವಿದೆ ಎಂದು ತಿಳಿಯದೆ ಅದಕ್ಕಾಗಿ ಕಾಯುವುದು ಎಂಥ ಹಿಂಸೆ! ಮೊದಮೊದಲು ನಾರುಗಳೆಲ್ಲ ಹಿಂದಕ್ಕೆ ತಿರುಗಿ ತಗಡಿನ ಮೇಲೆ ಮಲಗಿದವು. ಅಣ್ಣನ ಮಾತೇ ಸರಿಯೇನೋ ಅನ್ನಿಸಿತು. ವೇಗ ಇನ್ನೂ ಏರಿತು. ಮೇಲಿನ ನಾರುಗಳು ಒಂದೊಂದಾಗಿ ಎದ್ದವು. ಎದ್ದು ನಡುಗಿದವು, ಆಮೇಲೆ ಹುಚ್ಚು ಹಿಡಿದ ಹಾಗೆ ಮುಂದಕ್ಕೂ ಪಕ್ಕಕ್ಕೂ ಕುಣಿಯತೊಡಗಿದವು. ಬಗ್ಗಿ ತಗಡಿನ ಅಡಿಗೆ ನೋಡಿದೆ. ಕೆಳಗಿನವು ತಗಡಿಗೆ ಅಂಟಿದಂತೆ ನೇರವಾಗಿ ಒತ್ತಿಕೊಂಡಿದ್ದವು. ಗಾಳಿ ಕೆಳಗಿತ್ತು. ತಗಡಿನ ನಡುಭಾಗ ಉಬ್ಬಿ, ಕಬ್ಬಿಣದ ಕಂಬಗಳು ಕಿರುಗುಟ್ಟುತ್ತಿದ್ದವು. ಯಾರೋ ಅದೃಶ್ಯ ಮನುಷ್ಯ ಕಾರನ್ನು ಹಿಂದಿನಿಂದ ಎತ್ತಲು ಮೈಯೆಲ್ಲ ಬಲ ಹಾಕುತ್ತಿದ್ದಾನೆ ಅನ್ನಿಸಿತು.

“ಏನ್ ಕಾಣ್ತದ?” ಅಣ್ಣ ಕೂಗಿದ.

ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೊಟ್ಟೆ ಖಾಲಿಯಾಯಿತು. ಮೋರಿ. ಹಿಂದಿನ ಚಕ್ರಗಳ ಸದ್ದು ನಿಂತಿತು. ಆ ಮೌನವನ್ನು ನಾನು ಈಗಲೂ ಕೇಳಬಲ್ಲೆ, ಅಥವಾ ಕೇಳಬಲ್ಲೆ ಎಂದುಕೊಂಡಿದ್ದೇನೆ. ಆಮೇಲೆ ಕಾರಿನ ಬಾಲ ನನ್ನ ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ಗದ್ದೆ ನನ್ನ ಮುಖದ ಹತ್ತಿರ ಬಂದು ಹೋಯಿತು. ಅಣ್ಣ ಹೇಗೋ ಹಿಡಿದ. ಕಾರು ನಿಂತಾಗ ಧೂಳು ಮುಂದಕ್ಕೆ ಬಂದು ನಮ್ಮನ್ನು ಮುಚ್ಚಿತು. ನಾನು ಹಗ್ಗದ ಗಂಟು ಬಿಚ್ಚಲು ನೋಡಿದೆ, ಬೆರಳು ಕೇಳಲಿಲ್ಲ. ಅವನು ಬಿಚ್ಚಲು ನೋಡಿದ, ಅವನದೂ ಕೇಳಲಿಲ್ಲ.

“ಎತ್ತಾಕತ್ತದ,” ಎಂದೆ ಕೊನೆಗೆ.

“ಗೊತ್ತಾತು,” ಎಂದ.

ಅಲ್ಲಿಂದ ನಿಧಾನವಾಗಿ ಸೊರಬಕ್ಕೆ ಹೋದೆವು. ತಗಡಿನ ಕೆಲಸದ ಹಿರಿಯರು ಅಂಗಳದಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಓರೆಯನ್ನು ಹಿಂದು ಮುಂದು ಮಾಡಿ, ಬೆನ್ನಿನ ಕಡೆ ತಗ್ಗು, ಹಿಂದೆ ಎತ್ತರ ಎಂದು ಅಣ್ಣ ಹೇಳಿದಾಗ ಅವರು ಕೆಲಸಕ್ಕೆ ಏಳಲೇ ಇಲ್ಲ. ಅವರ ಮನಸ್ಸಿಗೆ ಅದು ಅಪಶಕುನದಂತೆ ಕಂಡಿರಬೇಕು.

“ಎಂತ ರೀ ಇದು,” ಎಂದರು ನನ್ನ ಕಡೆ ನೋಡಿ. “ಮಳೆ ಬಂದ್ರೆ ನೀರೆಲ್ಲ ನಿಮ್ಮಣ್ಣನ ಕುತ್ತಿಗೆಗೇ ಹರೀತದೆ. ನಾಳೆ ಯಾರಾರೂ ಕೇಳಿದ್ರೆ ನನ್ನ ಹೆಸ್ರು ಹೇಳ್ಬ್ಯಾಡಿ, ಮಾರಾಯ್ರೇ.”

ಅಣ್ಣ ನಕ್ಕು, ಅವರಿಂದ ಪಾನಾ ಇಸಿದುಕೊಂಡು ಬೋಲ್ಟ್ ಬಿಚ್ಚಿ, ಓರೆಯನ್ನು ತಾನೇ ತಿರುಗಿಸಿ ಬಿಗಿದ. ನನಗೆ ನಗಲಾಗಲಿಲ್ಲ. ಆ ಮುದುಕರು ತಪ್ಪು ಮಾಡಿದ್ದರು, ಆದರೆ ಅವರ ತಪ್ಪಿನ ಹಿಂದೆ ಒಂದು ಜನ್ಮದ ಮಳೆ ಇತ್ತು. ನನ್ನ ತಿದ್ದುಪಡಿಯ ಹಿಂದೆ ಇದ್ದದ್ದು ಒಂದು ಮೊರ, ಕೆಲವು ಬಾಳೆನಾರು.

ವಾಪಸು ಬರುವಾಗ ಮತ್ತೆ ಹಗ್ಗ ಕಟ್ಟಿಸಿಕೊಂಡು ಕೂತೆ. ಈಗ ಮೇಲಿನ ನಾರುಗಳು ಒತ್ತಿಕೊಂಡವು, ಕೆಳಗಿನವು ಕುಣಿದವು. ತಗಡು ಕೆಳಕ್ಕೆ ಬಾಗಿತು. ಮೋರಿಯ ಮೇಲೆ ಹಿಂದಿನ ಚಕ್ರಗಳ ಸದ್ದು ನಿಲ್ಲಲಿಲ್ಲ. ನನ್ನ ಎದೆಯಲ್ಲಿ ಏನೋ ಸಡಿಲವಾಯಿತು, ಗೆದ್ದೆ ಅಂದುಕೊಂಡೆ. ಆದರೆ ಕಾರು ನಿಂತ ಮೇಲೆ ಅಣ್ಣ ಇಳಿಯಲಿಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ.

“ಇದು ನನ್ನ ಕೈಯಾಗ ಇರಲಿಲ್ಲ,” ಎಂದ. “ತಿರುವಿದ್ರ ತಿರುಗಲಿಲ್ಲ. ಮುಂದಿನ ಗಾಲಿ ನೆಲಕ್ಕ ಹತ್ತಿರಲಿಲ್ಲ ಅನ್ನಿಸ್ತು.”

ಅದು ನನಗೆ ಹೊಳೆಯಬೇಕಿತ್ತು. ಊರಿನಲ್ಲಿ ಗಾಡಿ ಹೇರುವ ಯಾರಿಗಾದರೂ ಗೊತ್ತು: ಹಿಂಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆ, ಎತ್ತಿನ ಕುತ್ತಿಗೆಗೆ ಹಗ್ಗ ಬಿಗಿಯುತ್ತದೆ. ಹಿಂದಿನ ಚಕ್ರಕ್ಕಿಂತ ಹಿಂದೆ ಇದ್ದ ತಗಡನ್ನು ಗಾಳಿ ಅಷ್ಟು ಬಲವಾಗಿ ಒತ್ತಿದಾಗ ಕಾರಿನ ಮೂತಿ ಎದ್ದಿತ್ತು. ಹಿಂದೆ ಹಗುರಾದರೆ ಕಾರು ಬಾಲ ತಿರುಗಿಸುತ್ತದೆ, ಮುಂದೆ ಹಗುರಾದರೆ ಹೇಳಿದ ಮಾತು ಕೇಳುವುದಿಲ್ಲ. ನಾನು ಒಂದು ಸಾವನ್ನು ತೆಗೆದು ಇನ್ನೊಂದನ್ನು ಇಟ್ಟಿದ್ದೆ. ಅದರ ಜೊತೆಗೆ ಕಾರು ಮೊದಲಿನಷ್ಟು ಓಡುತ್ತಿರಲಿಲ್ಲ. ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದ ಹಾಗೆ ಎಂಜಿನ್ನು ಏದುತ್ತದೆ ಎಂದ. ಗಾಳಿಯ ಭಾರ ಪುಕ್ಕಟೆ ಎಂದು ಅವನು ತಿಳಿದದ್ದು ಪೂರ್ತಿ ನಿಜವಲ್ಲ. ಒತ್ತಿ ಹಿಡಿಯುವ ಗಾಳಿ ಎಳೆದೂ ಹಿಡಿಯುತ್ತದೆ.

ಮುಂದಿನ ಕೆಲವು ದಿನ ಕಂಬಗಳನ್ನು ಮುಂದಕ್ಕೆ, ಹಿಂದಿನ ಚಕ್ರಗಳ ನೇರಕ್ಕೆ ತಂದೆವು, ತಗಡಿನ ಓರೆಯನ್ನು ಇಳಿಸುತ್ತ ಹೋದೆವು. ಕೊನೆಗೆ ಹಿಂದಿನ ಅಂಚು ಮುಂದಿನದಕ್ಕಿಂತ ಮೂರು ಬೆರಳು ಎತ್ತರ. ಯಾರ ಬೆರಳು ಎಂದರೆ ನನ್ನವು. ನಾನು ಬೆರಳು ಅಡ್ಡ ಹಿಡಿದೆ, ಅವನು ಬೋಲ್ಟ್ ಬಿಗಿದ. ಆ ಓರೆಯಲ್ಲಿ ಮೋರಿಯ ಮೇಲೆ ಹಿಂದೂ ಕೂತಿತು, ಮುಂದೂ ಮಾತು ಕೇಳಿತು. ಆದರೆ ಮದ್ರಾಸಿನಲ್ಲಿ ಅವನು ಇನ್ನೂ ಜೋರಾಗಿ ಓಡಿಸುತ್ತಾನೆ, ಪಕ್ಕದಲ್ಲಿ ಬೇರೆ ಕಾರುಗಳಿರುತ್ತವೆ, ತಿರುವುಗಳಿರುತ್ತವೆ. ಅಲ್ಲಿಯೂ ಮೂರೇ ಬೆರಳು ಸರಿಯೇ? ಇಲ್ಲಿ ಸರಿಯಾದದ್ದು ಅಲ್ಲಿ ತಪ್ಪಾದರೆ? ನನಗೆ ಊಟ ಸೇರುತ್ತಿರಲಿಲ್ಲ. ಹೋಗಬೇಡ ಎಂದು ಒಂದು ಸಲ ಹೇಳಿ ನೋಡಿದೆ. ಅಳತೆ ನಿನ್ನದೇ ಅಲ್ಲವೇ, ಮತ್ತೆ ಯಾಕೆ ಭಯ ಎಂದ.

ಲಾರಿಗೆ ಕಾರು ಹೇರಿದ ದಿನ ಅವ್ವ ನಿಜವಾಗಿಯೂ ಹೊಸ್ತಿಲ ಬಳಿ ಬಂದು ಕೂತಳು. ನನ್ನ ಮುಖ ನೋಡಿದಳು. “ಹಾರಂಗಿಲ್ಲವ್ವಾ,” ಎಂದೆ. ಅವಳು ಎದ್ದು ದಾರಿ ಬಿಟ್ಟಳು. ಅಷ್ಟು ಸುಲಭವಾಗಿ ಬಿಟ್ಟದ್ದು ನನ್ನನ್ನು ಇನ್ನಷ್ಟು ಹೆದರಿಸಿತು.

ಆಮೇಲಿನ ದಿನಗಳಲ್ಲಿ ನಾನು ಹೆದರಿದ್ದು ಅಂಚೆಯವನ ಸೈಕಲ್ಲಿನ ಗಂಟೆಗೆ. ಆ ಕಾಲದಲ್ಲಿ ತಂತಿ ಎಂದರೆ ಸಾವು, ಬೇರೆ ಸುದ್ದಿಯೆಲ್ಲ ಕಾಗದದಲ್ಲಿ ಬರುತ್ತಿತ್ತು. ಗಂಟೆ ನಮ್ಮ ಓಣಿಗೆ ತಿರುಗಿದರೆ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ಗಾಳಿ ಬೀಸಿದರೆ ಅಂಗೈಯನ್ನು ಓರೆ ಮಾಡಿ ಮೂರು ಬೆರಳಿನಷ್ಟು ಎತ್ತಿ ನೋಡುತ್ತಿದ್ದೆ. ಒತ್ತುತ್ತಿದೆಯೋ, ಎತ್ತುತ್ತಿದೆಯೋ? ಹಿತ್ತಲಿನ ಅಷ್ಟು ಸಣ್ಣ ಗಾಳಿಗೆ ಏನೂ ತಿಳಿಯುತ್ತಿರಲಿಲ್ಲ. ಅವ್ವ ಮಾತ್ರ ನಿಶ್ಚಿಂತೆಯಿಂದ ಉಪ್ಪಿನಕಾಯಿಗೆ ಖಾರ ಕುಟ್ಟುತ್ತಿದ್ದಳು.

ಒಂದು ಮಧ್ಯಾಹ್ನ ಅಣ್ಣ ಬಸ್ಸಿನಿಂದ ಇಳಿದು ಬಂದ. ಮುಖ ಬಿಸಿಲಿಗೆ ಕಪ್ಪಾಗಿತ್ತು. ಕಂಕುಳಲ್ಲಿ ಗೋಣಿಯಲ್ಲಿ ಸುತ್ತಿದ ಆ ತಗಡು. ಕಾರು ಹಿಂದಿನಿಂದ ಲಾರಿಯಲ್ಲಿ ಬರುತ್ತದೆ ಎಂದ. ಎಷ್ಟನೆಯವನಾದೆ ಎಂದು ಚಿಕ್ಕಪ್ಪ ಕೇಳಿದರು. ಹಿಂದಿನಿಂದ ಎಣಿಸಿದರೆ ಬೇಗ ಸಿಗುತ್ತೇನೆ ಎಂದ. ತಗಡು ಯಾಕೆ ಬಿಚ್ಚಿದೆ ಎಂದು ಅವ್ವ ಕೇಳಿದಳು. ಓಡುವಾಗ ಬೋಲ್ಟ್ ಸಡಿಲವಾಯಿತು, ತೆಗೆದು ಹಾಕಿದೆ ಎಂದ. ಅವ್ವ ಅವನ ತಲೆ, ಭುಜ, ಕೈಯನ್ನೆಲ್ಲ ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, “ನೀ ಹೇಳಿದಂಗ ಆತು ನೋಡು,” ಎಂದಳು. ನಾನು ಅವನಿಗೆ ಕೈಕಾಲು ತೊಳೆಯಲು ನೀರು ತರಲು ಹೋದೆ.

ಅಣ್ಣ ನಿಜ ಹೇಳಿದ್ದು ಆಮೇಲೆ, ಶೆಡ್ಡಿನಲ್ಲಿ, ನಾವಿಬ್ಬರೇ ಇದ್ದಾಗ.

“ಬೋಲ್ಟ್ ಸಡಲ ಆಗಿರಲಿಲ್ಲ,” ಎಂದ. “ರೇಸ್ ಶುರು ಆಗೂ ಮುಂಚೆ ಸಾಲಿನ್ಯಾಗ ನಿಂತಿದ್ವಿ. ಹಿಂದಕ್ಕ ತಿರುಗಿ ನೋಡಿದೆ. ನಿನ್ನ ಬಾಳಿನಾರು ಒಂದೆಳಿ ಇನ್ನೂ ತಗಡಿಗೆ ಹತ್ತಿಕೊಂಡಿತ್ತು. ಅವತ್ತು ಮೋರಿ ದಾಟಿದ ಮ್ಯಾಲೆ ನಿನ್ನ ಮಾರಿ ಹೆಂಗ ಆಗಿತ್ತು, ಅದು ಕಣ್ಣಾಗ ಬಂತು. ಇಳಿದು ಪಾನಾ ಇಸಕೊಂಡು ಬಿಚ್ಚಿದೆ. ಮಂದಿ ನಗಾಕತ್ತಿದ್ರು.”

ತಗಡು ಇಲ್ಲದ ಕಾರು ಹಗುರಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಪ್ರತಿ ತಿರುವಿಗೂ ಮೊದಲೇ ವೇಗ ಇಳಿಸಿದ, ಎಲ್ಲರಿಗೂ ದಾರಿ ಬಿಟ್ಟ. ಗೊತ್ತಿರುವ ಹೆದರಿಕೆಯಾದರೆ ಅದರ ಜೊತೆ ಓಡಿಸಬಹುದು, ಗೊತ್ತಿಲ್ಲದ್ದರ ಜೊತೆ ಆಗುವುದಿಲ್ಲ ಎಂದ. ನನಗೆ ಸಮಾಧಾನವಾಯಿತು. ಅದರ ಹಿಂದೆಯೇ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಸಣ್ಣ ನಿರಾಸೆಯೂ ಆಯಿತು. ಮೂರು ಬೆರಳು ಸರಿಯಾಗಿತ್ತೇ ಎಂದು ಇನ್ನು ಯಾವತ್ತೂ ತಿಳಿಯುವುದಿಲ್ಲ.

ಅವನು ಆ ಕಾರನ್ನು ಮತ್ತೆ ಜೋರಾಗಿ ಓಡಿಸಲಿಲ್ಲ. ವರ್ಷಗಳು ಕಳೆದ ಮೇಲೆ ತನ್ನ ಮೊಮ್ಮಕ್ಕಳಿಗೆ ಈ ಕಥೆ ಹೇಳುವಾಗ ತಗಡು ರೇಸಿನ ಉದ್ದಕ್ಕೂ ಕಾರಿನ ಮೇಲೇ ಇರುತ್ತಿತ್ತು, ತಿರುವಿನಲ್ಲಿ ಕಾರು ನೆಲ ಕಚ್ಚಿ ಓಡುತ್ತಿತ್ತು. ಮಕ್ಕಳು ನನ್ನ ಕಡೆ ತಿರುಗಿ, ಹೌದಾ ಅಜ್ಜಿ, ಎಂದು ಕೇಳುತ್ತಿದ್ದರು. ಶೆಡ್ಡಿನಲ್ಲಿ ಅವನು ಹೇಳಿದ್ದು ನನಗೆ ನೆನಪಿದೆ ಎಂದುಕೊಂಡಿದ್ದೇನೆ. ದಿನಚರಿಯಲ್ಲಿ ಅದರ ಬಗ್ಗೆ ಒಂದು ಅಕ್ಷರವೂ ಇಲ್ಲ. ಅವನು ಬಂದ ದಿನದ ಪುಟದಲ್ಲಿ ಇರುವುದು, ‘ಅಣ್ಣ ಬಂದ. ಊಟ ಮಾಡಿದೆ.’

ಮಕ್ಕಳಿಗೆ ಹೌದು ಎನ್ನುತ್ತಿದ್ದೆ.